ಮಕ್ಕಳನ್ನು ಶಂಕಿಸೋಣವೇ, ಕಾಯೋಣವೇ?



ಮಕ್ಕಳು ಎಲ್ಲಿ ಮಾದಕ ವಸ್ತುಗಳಿಗೆ ಬಲಿಯಾದಾರೋ ಎಂಬ ಭಯ ಇಂದು ಎಷ್ಟೋ ಮನೆಗಳಲ್ಲಿದೆ. ಇದೇ ಭಯದಿಂದ ಅಮೆರಿಕದ ಕೆಲವು ಸರ್ಕಾರಿ ಶಾಲೆಗಳು ಕಡ್ಡಾಯ ಮೂತ್ರ ಪರೀಕ್ಷೆಯ ದಾರಿ ಹಿಡಿದವು. ಅದು ಸರಿಯೇ ಎಂಬ ವಾದ ಅಲ್ಲಿ ಮೂರು ದಶಕಗಳಿಂದಲೂ ನಡೆದಿದೆ. ನಮ್ಮವರ ಮಕ್ಕಳು ಮೊಮ್ಮಕ್ಕಳೂ ಆ ದೇಶದಲ್ಲಿ ಓದುತ್ತಿರುವುದರಿಂದ ನಾವು ಇದನ್ನು ಅರಿಯುವುದು ಒಳಿತು.

ಸಕಾರಣವಿಲ್ಲದೆ ಸರ್ಕಾರ ಯಾರನ್ನೂ ಶೋಧಿಸಬಾರದು ಎನ್ನುತ್ತದೆ ಅಮೆರಿಕದ ಸಂವಿಧಾನದ ನಾಲ್ಕನೇ ತಿದ್ದುಪಡಿ. ಸರ್ಕಾರಿ ಶಾಲೆಗೂ ಇದು ಅನ್ವಯಿಸುತ್ತದೆ. 1991ರಲ್ಲಿ ಆರೆಗಾನ್ ರಾಜ್ಯದ ವರ್ನೋನಿಯಾ ಎಂಬ ಪುಟ್ಟ ಊರಿನಲ್ಲಿ ಏಳನೇ ತರಗತಿಯ ಹುಡುಗನೊಬ್ಬ ಫುಟ್‌ಬಾಲ್ ತಂಡ ಸೇರಲು ಹೋದ. ಅವನ ಮೇಲೆ ಯಾವ ಸಂಶಯವೂ ಇರಲಿಲ್ಲ. ಆದರೂ ಪರೀಕ್ಷೆಯ ಒಪ್ಪಿಗೆಪತ್ರಕ್ಕೆ ತಂದೆತಾಯಿ ಸಹಿ ಹಾಕಲಿಲ್ಲವೆಂದು ಅವನನ್ನು ಆಟಕ್ಕೆ ಸೇರಿಸಿಕೊಳ್ಳಲಿಲ್ಲ.

1995ರಲ್ಲಿ ಸುಪ್ರೀಂ ಕೋರ್ಟ್ 6-3 ಬಹುಮತದಿಂದ ಶಾಲೆಯ ಪರವಾಗಿ ತೀರ್ಪಿತ್ತಿತು. ಶಾಲೆಯಲ್ಲಿರುವಷ್ಟು ಹೊತ್ತು ಮಕ್ಕಳ ಪಾಲನೆ ಶಾಲೆಯ ಹೊಣೆ. ಮತ್ತಿನಲ್ಲಿ ಆಡುವವರಿಗೆ ಪೆಟ್ಟಾಗುವ ಅಪಾಯ ಹೆಚ್ಚು. ಪರೀಕ್ಷೆಯ ಫಲಿತಾಂಶ ಪೊಲೀಸರ ಕೈಗೆ ಹೋಗುವುದಿಲ್ಲ. ಇವು ನ್ಯಾಯಾಲಯ ಕೊಟ್ಟ ಕಾರಣಗಳು. 2002ರಲ್ಲಿ ಓಕ್ಲಹೋಮಾ ರಾಜ್ಯದ ಟೆಕಮ್ಸೆ ಊರಿನ ಮೊಕದ್ದಮೆಯಲ್ಲಿ, ಗಾನವೃಂದದಂತಹ ಚಟುವಟಿಕೆಗಳಿಗೆ ಸೇರುವವರನ್ನೂ ಪರೀಕ್ಷಿಸಬಹುದೆಂದು 5-4 ಮತಗಳಿಂದ ತೀರ್ಮಾನವಾಯಿತು. ಶಾಲೆಯ ಪ್ರತಿಯೊಂದು ಮಗುವನ್ನೂ ಪರೀಕ್ಷಿಸಬಹುದೆಂದು ಈ ತೀರ್ಪುಗಳು ಹೇಳಲಿಲ್ಲ.

ಭಿನ್ನಮತ ಬರೆದ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರ ಮಾತು ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ಹಾಡು, ಆಟಗಳಲ್ಲಿ ತೊಡಗಿದ ಮಕ್ಕಳು ವ್ಯಸನಕ್ಕೆ ಬೀಳುವುದು ಕಡಿಮೆ. ಅಂತಹ ಚಟುವಟಿಕೆಯ ಬಾಗಿಲಲ್ಲೇ ಪರೀಕ್ಷೆ ಇಟ್ಟರೆ, ಒಳಗೆ ಬರಲೇಬೇಕಾದ ಮಗುವೇ ಹೆದರಿ ದೂರ ಉಳಿದೀತು ಎಂದರು ಅವರು. 2003ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 76,000 ವಿದ್ಯಾರ್ಥಿಗಳ ಮಾಹಿತಿಯನ್ನು ಪರಿಶೀಲಿಸಿದರು. ಪರೀಕ್ಷೆ ಇರುವ ಶಾಲೆಗೂ ಇಲ್ಲದ ಶಾಲೆಗೂ ಮಾದಕ ವಸ್ತುಗಳ ಸೇವನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಪ್ರಯೋಜನಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2015ರಲ್ಲಿ ಇದರ ವ್ಯಾಪಕ ಬಳಕೆಯನ್ನು ವಿರೋಧಿಸಿತು.

ಪರೀಕ್ಷೆ ಬೇಕೆಂದವರೂ ಬೇಡವೆಂದವರೂ ಮಕ್ಕಳ ಒಳಿತನ್ನೇ ಬಯಸಿದವರು. ಆದರೆ ಮಗುವಿನ ಮೂತ್ರದಲ್ಲಿ ಏನಿದೆ ಎಂದು ಹೇಳುವ ಪರೀಕ್ಷೆ, ಮಗು ಅದನ್ನು ಯಾವ ನೋವಿಗೆ, ಯಾರ ಒತ್ತಾಯಕ್ಕೆ ಮುಟ್ಟಿತು ಎಂದು ಹೇಳಲಾರದು. ಅದನ್ನು ಮಗುವೇ ಹೇಳಬೇಕು. ಹೇಳಿದರೆ ಕೇಳುವವರಿದ್ದಾರೆ ಎಂಬ ಭರವಸೆ ಅದಕ್ಕಿರಬೇಕು. ತಪ್ಪು ಮಾಡಿದ ದಿನವೂ ನಮ್ಮ ಮಗ, ನಮ್ಮ ಮಗಳು ಮೊದಲು ನಮ್ಮ ಬಳಿಗೇ ಬಂದಾರೇ? ಈ ಪ್ರಶ್ನೆಯನ್ನು ನಾವು ನಮಗೇ ಹಾಕಿಕೊಳ್ಳೋಣ.