ಯಾರ ಸೀಟಿಗೆ ಯಾವ ಗಾಡಿ?

ಬಸ್ ಸ್ಟ್ಯಾಂಡಿನಲ್ಲಿ ಒಂದೇ ಹೊತ್ತಿಗೆ ಹತ್ತು ಕಂಡಕ್ಟರುಗಳು ಸೀಟಿ ಊದುತ್ತಾರೆ. ಹಾಗಂತ ಹತ್ತೂ ಗಾಡಿ ಒಟ್ಟಿಗೆ ನುಗ್ಗೋದಿಲ್ಲ. ತನ್ನ ಕಂಡಕ್ಟರನ ಸೀಟಿ ಯಾವುದು ಅಂತ ಡ್ರೈವರಿಗೆ ಗೊತ್ತು. ರಿಮೋಟಿನಿಂದ ಹಾರುವ ಪುಟ್ಟ ವಿಮಾನಕ್ಕೆ ಮಾತ್ರ ಈ ಬುದ್ಧಿ ಹುಟ್ಟಿನಿಂದ ಬರೋದಿಲ್ಲ, ಕಲಿಸಬೇಕು. ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರ್ ಒಂದು ಕಡೆ, ವಿಮಾನದ ಹೊಟ್ಟೆಯಲ್ಲಿ ಕೂರುವ ಬೆಂಕಿಪೊಟ್ಟಣದಷ್ಟು ರಿಸೀವರ್ ಇನ್ನೊಂದು ಕಡೆ. ಇಬ್ಬರಿಗೂ ಪರಿಚಯ ಮಾಡಿಸುವ ಶಾಸ್ತ್ರಕ್ಕೆ ಹುಡುಗರ ಭಾಷೆಯಲ್ಲಿ 'ಬೈಂಡ್ ಮಾಡೋದು' ಅನ್ನುತ್ತಾರೆ.

ಇಂಜಿನಿಯರಿಂಗ್ ಕಾಲೇಜು ಇರುವ ಊರುಗಳಲ್ಲಿ ಈ ಹುಚ್ಚು ಹೊಸದೇನಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಮೋಟಾರು, ಬ್ಯಾಟರಿ ಬರುತ್ತದೆ. ರೆಕ್ಕೆಗೆ ಥರ್ಮೋಕೋಲು. ಆಮೇಲೆ ಸ್ವಿಚ್ ಹಾಕಿದರೆ ಏನೂ ಅಲ್ಲಾಡೋದಿಲ್ಲ. 'ಡೆಡ್ ಪೀಸ್ ಕೊಟ್ಟಿದ್ದೀರಿ' ಅಂತ ಅಂಗಡಿಯವನ ಮೇಲೆ ಜಗಳ. ಇಂಥ ಎಷ್ಟೋ 'ಡೆಡ್ ಪೀಸ್'ಗಳು ಸತ್ತಿರೋದೇ ಇಲ್ಲ, ಬೈಂಡ್ ಆಗಿರೋದಿಲ್ಲ ಅಷ್ಟೆ. ಮಾರುವವನಿಗೂ ಇದು ತಿಳಿದಿರೋದು ಅಪರೂಪ. ಡಬ್ಬಿಯೊಳಗಿನ ಕಾಗದವನ್ನು ಇಬ್ಬರೂ ಓದಿರೋದಿಲ್ಲ.

ಕಲಿಯುವವರ ಕೈಯಲ್ಲಿ ಹೆಚ್ಚಾಗಿ ಕಾಣುವ ಫ್ಲೈಸ್ಕೈ ಕಂಪನಿಯ ಎಫ್‌ಎಸ್-ಐ6 ಎಂಬ ಆರು ಚಾನೆಲ್ಲಿನ ಟ್ರಾನ್ಸ್‌ಮಿಟರನ್ನೇ ನೋಡಿ. ಅದರ ಜೊತೆಗಾರ ಐಎ6ಬಿ ರಿಸೀವರ್. ಡಬ್ಬಿಯಲ್ಲಿ ಎರಡು ತುದಿಯನ್ನು ಕೂಡಿಸಿದ ಒಂದು ಪುಟಾಣಿ ವೈರಿನ ತುಂಡು ಇರುತ್ತದೆ. ಕಸ ಅಂತ ಎಸೆಯುವವರೇ ಜಾಸ್ತಿ. ಅದೇ ಬೈಂಡ್ ಪ್ಲಗ್! ಟ್ರಾನ್ಸ್‌ಮಿಟರ್ ಆಫ್ ಇರುವಾಗ ಈ ಪ್ಲಗ್ಗನ್ನು ರಿಸೀವರಿನಲ್ಲಿ 'ಬಿ' ಅಂತ ಗುರುತಿರುವ ಮನೆಗೆ ಚುಚ್ಚಬೇಕು. ಬೇರೊಂದು ಮನೆಗೆ ಐದು ವೋಲ್ಟ್ ಆಸುಪಾಸಿನ ಕರೆಂಟು ಕೊಡಬೇಕು. ಪ್ಲಸ್ಸು ಮೈನಸ್ಸು ತಿರುವುಮುರುವಾದರೆ ಅಲ್ಲಿಗೇ ಅದರ ಕಥೆ ಮುಗಿಯಿತು. ಸರಿಯಾಗಿದ್ದರೆ ಕೆಂಪು ದೀಪ ಬೇಗ ಬೇಗ ಮಿಣುಕುತ್ತದೆ. 'ನನ್ನ ಯಜಮಾನ ಯಾರು?' ಅಂತ ಕೂಗೋದು ಅದು. ಈಗ ಟ್ರಾನ್ಸ್‌ಮಿಟರಿನ ಬೈಂಡ್ ಗುಂಡಿಯನ್ನು ಒತ್ತಿ ಹಿಡಿದೇ ಸ್ವಿಚ್ ಹಾಕಬೇಕು. ಕೆಲವೇ ಕ್ಷಣದಲ್ಲಿ ಮಿಣುಕಾಟ ನಿಧಾನವಾಗುತ್ತದೆ. ಪ್ಲಗ್ ಕಿತ್ತು, ಎರಡನ್ನೂ ಆಫ್ ಮಾಡಿ ಮತ್ತೆ ಹಾಕಿದರೆ ದೀಪ ಸ್ಥಿರವಾಗಿ ಉರಿಯುತ್ತದೆ. ಪರಿಚಯ ಮುಗಿಯಿತು.

ಆಗಲಿಲ್ಲವೇ? ಭಾಷೆ ಬೇರೆ ಇರಬಹುದು. ಫ್ಲೈಸ್ಕೈ, ಫುಟಾಬಾ, ಸ್ಪೆಕ್ಟ್ರಮ್ ಎಲ್ಲವೂ 2.4 ಗಿಗಾಹರ್ಟ್ಸ್‌ನಲ್ಲೇ ಮಾತಾಡುತ್ತವೆ, ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗದು. ಒಂದೇ ಕಂಪನಿಯಲ್ಲೂ ಹಳೆಯ ಪದ್ಧತಿ, ಹೊಸ ಪದ್ಧತಿ ಅಂತ ಉಂಟು. ಹಳೆ ರಿಸೀವರಿಗೆ ಐ6ರ ಮೆನುವಿನಲ್ಲಿ ಪದ್ಧತಿ ಬದಲಿಸಬೇಕು. ಅಗ್ಗಕ್ಕೆ ಸಿಕ್ಕಿತು ಅಂತ ಬಿಡಿ ರಿಸೀವರ್ ತರುವವರು ಇಷ್ಟನ್ನು ಕೇಳಿಯೇ ದುಡ್ಡು ಬಿಚ್ಚಬೇಕು.

ಹಿಂದೆ ಈ ಶಾಸ್ತ್ರ ಇರಲೇ ಇಲ್ಲ. ಟ್ರಾನ್ಸ್‌ಮಿಟರಿಗೊಂದು, ರಿಸೀವರಿಗೊಂದು ಹರಳು, ಅಂದರೆ ಕ್ರಿಸ್ಟಲ್. ಅಮೆರಿಕದಲ್ಲಿ 72 ಮೆಗಾಹರ್ಟ್ಸ್, ಬ್ರಿಟನ್ನಿನಲ್ಲಿ 35. ಒಂದೇ ನಂಬರಿನ ಹರಳು ಇಬ್ಬರಲ್ಲಿದ್ದು ಇಬ್ಬರೂ ಒಟ್ಟಿಗೆ ಸ್ವಿಚ್ ಹಾಕಿದರೋ, ಮೇಲಿದ್ದ ವಿಮಾನ ನೆಲಕ್ಕೆ. ಅದಕ್ಕೇ ಅಲ್ಲಿನ ಮೈದಾನಗಳಲ್ಲಿ ಒಂದು ಹಲಗೆ, ಹಲಗೆಯ ಮೇಲೆ ನಂಬರು ಬರೆದ ಬಟ್ಟೆ ಕ್ಲಿಪ್ಪು. ಕ್ಲಿಪ್ಪು ಯಾರ ಕೈಯಲ್ಲಿದೆಯೋ ಆ ನಂಬರು ಅವನದು. ತಿಂಗಳುಗಟ್ಟಲೆ ಅಂಟು ಹಚ್ಚಿ ಕಟ್ಟಿದ ವಿಮಾನದ ಆಯುಷ್ಯ ಒಂದು ಬಟ್ಟೆ ಕ್ಲಿಪ್ಪಿನ ಮೇಲೆ!

2.4ರ ಉಪಾಯ ಬೇರೆ. ಟ್ರಾನ್ಸ್‌ಮಿಟರಿಗೆ ತನ್ನದೇ ಒಂದು ಗುರುತಿನ ನಂಬರು ಇರುತ್ತದೆ. ಬೈಂಡ್ ಆಗುವಾಗ ರಿಸೀವರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಇಬ್ಬರೂ ಒಂದೇ ಕಡೆ ನಿಲ್ಲದೆ ಚಾನೆಲ್ಲಿನಿಂದ ಚಾನೆಲ್ಲಿಗೆ ಒಟ್ಟಿಗೆ ಜಿಗಿಯುತ್ತಾ ಮಾತಾಡುತ್ತಾರೆ. ಜಿಗಿತದ ಲೆಕ್ಕ ಗೊತ್ತಿಲ್ಲದವನಿಗೆ ಬರೀ ಗದ್ದಲ.

ಈ ಜಿಗಿತದ ಹಿಂದೆ ಒಬ್ಬ ಸಿನಿಮಾ ತಾರೆ ಇದ್ದಾಳೆ ಅಂದರೆ ನಂಬುತ್ತೀರಾ? ಹಾಲಿವುಡ್ಡಿನ ಹೆಡಿ ಲಮಾರ್. ಹುಟ್ಟಿದ್ದು ವಿಯೆನ್ನಾದಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಂಗೀತಗಾರ ಜಾರ್ಜ್ ಆಂಥೈಲ್ ಜೊತೆ ಸೇರಿ 1942ರ ಆಗಸ್ಟಿನಲ್ಲಿ ಒಂದು ಪೇಟೆಂಟ್ ಪಡೆದಳು. ಹಡಗಿನಿಂದ ಬಿಟ್ಟ ಟಾರ್ಪಿಡೊವನ್ನು ರೇಡಿಯೋದಿಂದ ನಡೆಸುವಾಗ ಶತ್ರು ಅಡ್ಡಿ ಮಾಡದಂತೆ ತರಂಗವನ್ನು ಬದಲಿಸುತ್ತಲೇ ಇರಬೇಕು ಅನ್ನೋದು ಉಪಾಯ. ತಾನೇ ನುಡಿಯುವ ಪಿಯಾನೋಕ್ಕೆ ಹಾಕುವಂಥ ತೂತು ಹೊಡೆದ ಕಾಗದದ ಸುರುಳಿ, ಒಂದು ಹಡಗಿನಲ್ಲಿ, ಅದರದೇ ಪ್ರತಿ ಟಾರ್ಪಿಡೊದಲ್ಲಿ. ಎರಡೂ ಒಂದೇ ಕ್ಷಣಕ್ಕೆ ಓಡಲು ಶುರುವಾಗಬೇಕು. 88 ತರಂಗಾಂತರ, ಪಿಯಾನೋದ ಮನೆಗಳಷ್ಟೇ. ಅಮೆರಿಕದ ನೌಕಾಪಡೆ ಆ ಯುದ್ಧದಲ್ಲಿ ಅದನ್ನು ಬಳಸಲಿಲ್ಲ. ನಟಿಯ ಮಾತು ಯಾರು ಕೇಳುತ್ತಾರೆ! ಈಗ ಆ ಸುರುಳಿಯ ಕೆಲಸವನ್ನು ಒಂದು ಚಿಪ್ಪು ಮಾಡುತ್ತದೆ. ನಮ್ಮ ದೇಶದಲ್ಲಿ ಈ 2.4ರ ಪಟ್ಟಿಯನ್ನು ಲೈಸೆನ್ಸಿನಿಂದ ಮುಕ್ತ ಮಾಡಿದ್ದು 2005ರಲ್ಲಿ.

ಇಷ್ಟಕ್ಕೇ ಎಲ್ಲ ಮುಗಿಯಿತು ಅಂದುಕೊಂಡು ಹುಡುಗರು ನೇರ ಮೈದಾನಕ್ಕೆ ಓಡುತ್ತಾರಲ್ಲ, ಅಪಾಯ ಇರೋದು ಅಲ್ಲೇ. ದೀಪ ಸ್ಥಿರವಾಯಿತು ಅಂದರೆ ಯಜಮಾನ ಸಿಕ್ಕ ಅಂತ ಅಷ್ಟೇ ಅರ್ಥ. ಯಜಮಾನನ ಮಾತು ಕೇಳಿಸದೇ ಹೋದರೆ ಏನು ಮಾಡಬೇಕು ಅಂತ ಹೇಳಿಕೊಟ್ಟಿಲ್ಲ. ಬ್ಯಾಟರಿ ಮುಗಿಯಬಹುದು, ವಿಮಾನ ದೂರ ಹೋಗಬಹುದು, ಕಟ್ಟಡ ಅಡ್ಡ ಬರಬಹುದು. ಕೆಲವು ರಿಸೀವರುಗಳು ಕೇಳಿದ ಕೊನೆಯ ಆಜ್ಞೆಯನ್ನೇ ಹಿಡಿದುಕೊಂಡು ಕೂರುತ್ತವೆ. ಕೊನೆಯ ಆಜ್ಞೆ 'ಪೂರ್ತಿ ವೇಗ' ಆಗಿದ್ದರೆ? ವಿಮಾನ ಪೂರ್ತಿ ವೇಗದಲ್ಲೇ ಸಂತೆಗೋ ಶಾಲೆಗೋ ಹೋಗಿ ಬೀಳುತ್ತದೆ. ಥರ್ಮೋಕೋಲು ಹಗುರ ನಿಜ, ಮುಂದೆ ತಿರುಗುವ ಪ್ರೊಪೆಲ್ಲರು ಹಗುರವಲ್ಲ. ಬೆರಳು ಕತ್ತರಿಸಲು ಅದಕ್ಕೆ ಒಂದು ಕ್ಷಣ ಸಾಕು.

ಇದಕ್ಕೆ 'ಫೇಲ್‌ಸೇಫ್' ಅಂತ ಒಂದು ಏರ್ಪಾಡಿದೆ. ಐ6ರ ಮೆನುವಿನಲ್ಲಿ ರಿಸೀವರಿನ ವಿಭಾಗಕ್ಕೆ ಹೋಗಿ, ವೇಗದ ಕಡ್ಡಿಯನ್ನು ಪೂರ್ತಿ ಕೆಳಗಿಟ್ಟು, 'ಸಂಪರ್ಕ ತಪ್ಪಿದರೆ ಹೀಗಿರು' ಅಂತ ಒಪ್ಪಿಸಬೇಕು. ಎರಡು ನಿಮಿಷದ ಕೆಲಸ, ಖರ್ಚಿಲ್ಲ. ಹೊಸದಾಗಿ ಬೈಂಡ್ ಮಾಡಿದಾಗಲೆಲ್ಲ ಮತ್ತೆ ನೋಡಬೇಕು. ಸರಿಯಿದೆಯೋ ಇಲ್ಲವೋ ಅಂತ ಮನೆಯಲ್ಲೇ ತಿಳಿಯುತ್ತದೆ: ಪ್ರೊಪೆಲ್ಲರನ್ನು ಬಿಚ್ಚಿ ಪಕ್ಕಕ್ಕಿಡಿ, ಮೋಟಾರನ್ನು ಸ್ವಲ್ಪ ಓಡಿಸಿ, ಟ್ರಾನ್ಸ್‌ಮಿಟರನ್ನು ಆಫ್ ಮಾಡಿ. ಮೋಟಾರು ನಿಂತರೆ ಸರಿ. ನಿಲ್ಲದಿದ್ದರೆ ಆ ವಿಮಾನ ಅಂದು ಮೈದಾನಕ್ಕೆ ಹೋಗಕೂಡದು. ಪ್ರೊಪೆಲ್ಲರು ಬಿಚ್ಚದೆ ಈ ಪರೀಕ್ಷೆ ಮಾಡುವ ಶೂರರೂ ಇದ್ದಾರೆ, ಅವರ ಕೈ ದೇವರೇ ಕಾಯಬೇಕು.

ಮೈದಾನಕ್ಕೆ ಹೋದ ಮೇಲೆ ಮೊದಲು ಟ್ರಾನ್ಸ್‌ಮಿಟರ್ ಆನ್, ಆಮೇಲೆ ವಿಮಾನ. ಇಳಿದ ಮೇಲೆ ಮೊದಲು ವಿಮಾನ ಆಫ್, ಕೊನೆಗೆ ಟ್ರಾನ್ಸ್‌ಮಿಟರ್. 2021ರ ಡ್ರೋನ್ ನಿಯಮಗಳ ಪ್ರಕಾರ ಆಟಕ್ಕೋ ಕಲಿಕೆಗೋ ಹಾರಿಸುವ ಮಾದರಿ ವಿಮಾನ 25 ಕಿಲೋ ಮೀರಬಾರದು, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಬೇಕು. ಕಣ್ಣಳತೆ ದಾಟಿಸಿ 'ಎಷ್ಟು ದೂರ ಹೋಗುತ್ತೆ ನೋಡೋಣ' ಅನ್ನುವವರು ಕಾನೂನನ್ನೂ ದಾಟಿರುತ್ತಾರೆ.

ಅಂದಹಾಗೆ, ಆ ಪುಟಾಣಿ ಪ್ಲಗ್ಗನ್ನು ಟ್ರಾನ್ಸ್‌ಮಿಟರಿನ ಹಿಡಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿಟ್ಟರೆ ಹುಡುಕಾಟ ತಪ್ಪುತ್ತದೆ.