ಬೊಜ್ಜಿನ ಶಸ್ತ್ರಚಿಕಿತ್ಸೆ: ಜಠರ ಮಾಯಲು ಬೇಕಾದ ಕಾಲಾವಕಾಶ

ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಶೇ. 75ರಿಂದ 80ರಷ್ಟು ಭಾಗವನ್ನು ತೆಗೆದು, ಉಳಿದ ಅಂಚನ್ನು ಟೈಟಾನಿಯಂ ಸ್ಟೇಪಲ್‌ಗಳಿಂದ ಮುಚ್ಚಲಾಗುತ್ತದೆ. ಹೊರಗಿನ ಗಾಯಗಳು ಚಿಕ್ಕವಾಗಿದ್ದು ಬೇಗ ಮಾಯುವುದರಿಂದ, ಪೂರ್ಣ ಗುಣವಾಯಿತೆಂದು ರೋಗಿಯು ಭಾವಿಸುವುದುಂಟು. ಆದರೆ ಒಳಗಿನ ಜಠರ ಬಲಗೊಳ್ಳಲು ವಾರಗಳೇ ಬೇಕು. ಆದಕಾರಣ ಸಾಮಾನ್ಯವಾಗಿ ಮೊದಲ ಎರಡು ವಾರ ದ್ರವಾಹಾರ, ಅನಂತರ ನುಣ್ಣಗೆ ಅರೆದ ಹಾಗೂ ಮೆತ್ತನೆಯ ಆಹಾರ, ಆರರಿಂದ ಎಂಟು ವಾರಗಳ ಬಳಿಕವಷ್ಟೇ ಘನಾಹಾರ ನೀಡಲಾಗುತ್ತದೆ.

ಎರಡು-ಮೂರು ವಾರಗಳಲ್ಲಿ ಅಂಗಡಿಯ ಲೆಕ್ಕಪತ್ರ ನೋಡಲು ಸಾಧ್ಯವಾದರೂ, ಮೂಟೆ ಎತ್ತುವುದು ಸುಮಾರು ಆರು ವಾರಗಳವರೆಗೆ ಸಲ್ಲದು. ಧೂಮಪಾನ ಹಾಗೂ ಐಬುಪ್ರೊಫೆನ್‌ನಂತಹ ನೋವು ನಿವಾರಕಗಳು ಜಠರದಲ್ಲಿ ಹುಣ್ಣುಂಟುಮಾಡಬಲ್ಲವು. ಜ್ವರ, ವೇಗದ ನಾಡಿಬಡಿತ, ಹೊಟ್ಟೆ ಅಥವಾ ಎಡಭುಜದ ನೋವು ಕಂಡುಬಂದರೆ ಅದು ಸೋರಿಕೆಯ ಸೂಚನೆಯಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಹಬ್ಬದ ವ್ಯಾಪಾರ, ವರ್ಷಾಂತ್ಯದ ಲೆಕ್ಕಗಳ ಒತ್ತಡವಿಲ್ಲದ ಕಾಲದಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಪಡಿಸಿಕೊಳ್ಳುವುದು ವರ್ತಕರಿಗೆ ಲೇಸು.