ಯೂನಿಕ್ಸ್ ವ್ಯವಸ್ಥೆಯಲ್ಲಿ ಜೀರ್ಣಕಡತಗಳ ವಿಸರ್ಜನಕ್ರಮ

ಗಣಕಯಂತ್ರದಲ್ಲಿ ದಿನದಿನವೂ ಸಂಚಿತವಾಗುವ ಕಡತಗಳಲ್ಲಿ ಕೆಲವು ಸರ್ವಥಾ ರಕ್ಷಣೀಯವಾದವು. ಕೆಲವು ಅಲ್ಪಕಾಲದಲ್ಲಿಯೇ ನಿಷ್ಪ್ರಯೋಜಕವಾಗತಕ್ಕವು. ಎರಡನೆಯ ವರ್ಗದವುಗಳನ್ನು ನಿಯತಕಾಲದಲ್ಲಿ ತಾನಾಗಿಯೇ ತೆಗೆದುಹಾಕುವ ಉಪಾಯವು ಯೂನಿಕ್ಸ್ ವ್ಯವಸ್ಥೆಯಲ್ಲಿ ಉಂಟು. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಆರಂಭಿಸಿದ ಈ ವ್ಯವಸ್ಥೆಯ ಆಜ್ಞಾವಾಕ್ಯಗಳು ಸೂತ್ರಗಳಂತೆ ಅಲ್ಪಾಕ್ಷರವುಳ್ಳವು. ಆದಕಾರಣವೇ ಅವುಗಳಿಗೆ ವ್ಯಾಖ್ಯಾನವು ಆವಶ್ಯಕ.

‘ಹಳೆಯದು’ ಎಂಬ ಪದದ ಅರ್ಥವೇ ಮೊದಲು ವಿಚಾರ್ಯವಾದುದು. ಯೂನಿಕ್ಸ್ ಪ್ರತಿಯೊಂದು ಕಡತಕ್ಕೂ ಸಂಪ್ರದಾಯವಾಗಿ ಮೂರು ಕಾಲಗಳನ್ನು ಗುರುತಿಸುತ್ತದೆ: ಕಡೆಯ ಸಲ ಓದಿದ ಕಾಲ, ಒಳಗಿನ ವಿಷಯವನ್ನು ತಿದ್ದಿದ ಕಾಲ, ಒಡೆತನ ಅನುಮತಿ ಮೊದಲಾದ ಲಕ್ಷಣಗಳು ಬದಲಾದ ಕಾಲ. ಹುಟ್ಟಿದ ಕಾಲವು ಈ ಮೂರರಲ್ಲಿ ಸೇರಿಲ್ಲ. ಹುಡುಕುವ ಆಜ್ಞೆಯಾದ ‘ಫೈಂಡ್’ಗೆ ‘ಎಂಟೈಮ್’ ಎಂಬ ವಿಶೇಷಣವನ್ನು ಸೇರಿಸಿದರೆ ತಿದ್ದಿದ ಕಾಲದಿಂದ ವಯಸ್ಸಿನ ಎಣಿಕೆಯಾಗುತ್ತದೆ. ಅಲ್ಲಿ ‘+೩೦’ ಎಂದರೆ ಮೂವತ್ತು ದಿನ ಮೀರಿದ್ದೆಂದು ತೋರುವುದು ಸಹಜ. ವಸ್ತುತಃ ವಯಸ್ಸನ್ನು ೨೪ ಗಂಟೆಗಳಿಂದ ಭಾಗಿಸಿ, ಶೇಷವನ್ನು ಬಿಟ್ಟು, ಲಬ್ಧವು ೩೦ಕ್ಕಿಂತ ಅಧಿಕವೇ ಎಂದು ನೋಡುವುದೇ ಅದರ ಕ್ರಮ. ಆದುದರಿಂದ ೩೦ ದಿನ ೨೩ ಗಂಟೆಗಳ ಕಡತವು ಉಳಿಯುವುದು. ೩೧ ದಿನ ತುಂಬಿದುದು ಮಾತ್ರ ಹೋಗುವುದು.

ಎರಡನೆಯದು ಪದಗಳ ಆನುಪೂರ್ವಿ. ‘ಫೈಂಡ್ ಲಾಗ್ -ಟೈಪ್ ಎಫ್ -ಎಂಟೈಮ್ +೩೦ -ಡಿಲೀಟ್’ ಎಂಬುದು ಶುದ್ಧವಾಕ್ಯ: ಲಾಗ್ ಎಂಬ ಕೋಶದಲ್ಲಿ, ಸಾಮಾನ್ಯ ಕಡತವಾಗಿ, ಅಷ್ಟು ಹಳೆಯದಾಗಿದ್ದರೆ, ಅಳಿಸು ಎಂದು ಇದರ ಅರ್ಥ. ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಪದಗಳು ಸ್ಥಾನ ತಪ್ಪಿದರೂ ವಿಭಕ್ತಿಯು ಅರ್ಥವನ್ನು ಕಾಯುತ್ತದೆ. ಇಲ್ಲಿ ವಿಭಕ್ತಿಯಿಲ್ಲ, ವಾಕ್ಯವು ಎಡದಿಂದ ಬಲಕ್ಕೆ ಒಂದೊಂದೇ ಪದವಾಗಿ ಫಲಿಸುತ್ತದೆ. ‘ಡಿಲೀಟ್’ ಪದವನ್ನು ಕೋಶನಾಮದ ಮಗ್ಗುಲಲ್ಲಿಯೇ ಇಟ್ಟರೆ ವಯಸ್ಸಿನ ಪರೀಕ್ಷೆಗೆ ಮುಂಚೆಯೇ ಸರ್ವವೂ ನಾಶವಾಗುವುದು. ಇಲ್ಲಿ ತಿಪ್ಪೆಬುಟ್ಟಿಯೂ ಇಲ್ಲ, ಹಿಂದಕ್ಕೆ ಪಡೆಯುವ ಮಾರ್ಗವೂ ಇಲ್ಲ. ಆದಕಾರಣ ಬಲ್ಲವರು ಮೊದಲು ‘ಡಿಲೀಟ್’ ಇರುವೆಡೆಯಲ್ಲಿ ‘ಪ್ರಿಂಟ್’ ಎಂದು ಬರೆದು, ಬಂದ ಪಟ್ಟಿಯನ್ನು ಓದಿ, ಅನಂತರವೇ ಪದವನ್ನು ಬದಲಾಯಿಸುತ್ತಾರೆ.

ಪರೀಕ್ಷಿತವಾದ ವಾಕ್ಯವನ್ನು ‘ಕ್ರಾನ್’ ಎಂಬ ಕಾಲಪಾಲಕನಿಗೆ ಒಪ್ಪಿಸಬಹುದು. ಅದರ ಪಂಕ್ತಿಯ ಮೊದಲ ಐದು ಸ್ಥಾನಗಳು ನಿಮಿಷ, ಗಂಟೆ, ತಿಂಗಳ ದಿನ, ತಿಂಗಳು, ವಾರ ಇವನ್ನು ಹೇಳುತ್ತವೆ. ‘೦ ೩ * * *’ ಎಂದರೆ ಪ್ರತಿದಿನವೂ ಬೆಳಗಿನ ಜಾವ ಮೂರು ಗಂಟೆಗೆ. ಆ ಹೊತ್ತಿನಲ್ಲಿ ನೋಡುವವರು ಯಾರೂ ಇರುವುದಿಲ್ಲವೆಂಬುದೇ ಇದರ ಗುಣವೂ ದೋಷವೂ ಆಗಿದೆ.

ಇದಕ್ಕೆ ೨೦೨೧ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದಲ್ಲಿ ನಡೆದುದು ದೃಷ್ಟಾಂತ. ಅಲ್ಲಿನ ಮಹಾಗಣಕದಲ್ಲಿ ಹತ್ತು ದಿನಗಳಿಗಿಂತ ಹಳೆಯ ಲಾಗ್ ಕಡತಗಳನ್ನು ‘ಫೈಂಡ್’ ಮೂಲಕ ಅಳಿಸುವ ಆಜ್ಞಾಮಾಲೆಯೊಂದಿತ್ತು. ಅದು ನಡೆಯುತ್ತಿರುವಾಗಲೇ ತಿದ್ದಿದ ಪಾಠವನ್ನು ಅದರ ಮೇಲೆ ಬರೆಯಲಾಯಿತು. ಶೆಲ್ ಆದರೋ ಗ್ರಂಥವನ್ನೆಲ್ಲ ಮೊದಲೇ ಓದಿಟ್ಟುಕೊಳ್ಳದೆ, ನಡೆಸುತ್ತ ನಡೆಸುತ್ತ ಓದುವ ಸ್ವಭಾವದ್ದು. ಹೀಗೆ ಹಳೆಯ ಪಾಠದ ನಡುವೆ ಹೊಸ ಪಾಠವನ್ನು ಹಿಡಿದುದರಿಂದ, ಕೋಶವನ್ನು ಸೂಚಿಸಬೇಕಾದ ಸಂಜ್ಞೆಗೆ ಅರ್ಥವೇ ಇಲ್ಲವಾಯಿತು. ಆಜ್ಞೆಯು ಲಾಗ್ ಕೋಶವನ್ನು ಬಿಟ್ಟು ಸಂಶೋಧಕರ ಸಂಗ್ರಹದ ಮೇಲೆ ನಡೆಯಿತು. ಸುಮಾರು ೩ ಕೋಟಿ ೪೦ ಲಕ್ಷ ಕಡತಗಳು, ೭೭ ಟೆರಾಬೈಟ್‌ಗಳಷ್ಟು, ಅಳಿದವು. ಹದಿನಾಲ್ಕು ತಂಡಗಳಿಗೆ ಹಾನಿ ತಟ್ಟಿತು. ನಾಲ್ಕು ತಂಡಗಳ ಸಾಮಗ್ರಿಯನ್ನು ಮರಳಿ ಪಡೆಯಲಾಗಲಿಲ್ಲ.

ಲಿಪಿಕಾರನ ಸ್ಖಾಲಿತ್ಯವು ಒಂದು ಪ್ರತಿಯನ್ನು ಕೆಡಿಸುತ್ತದೆ. ಈ ಸ್ಖಾಲಿತ್ಯವು ಭಂಡಾರವನ್ನೇ ಬರಿದುಮಾಡಿತು. ಆದುದರಿಂದ ಅರ್ಥಹೀನವಾದ ಸಂಜ್ಞೆ ಕಂಡೊಡನೆ ನಿಲ್ಲಬೇಕೆಂಬ ‘ಸೆಟ್ -ಯು’ ವಿಧಿಯನ್ನು ಮಾಲೆಯ ಆದಿಯಲ್ಲಿಡುವುದು, ನಡೆಯುತ್ತಿರುವ ಪಾಠವನ್ನು ತಿದ್ದದಿರುವುದು, ಬೇರೆಡೆಯಲ್ಲಿ ಪ್ರತಿಯನ್ನು ಕಾದಿರಿಸುವುದು, ಈ ಮೂರೂ ವಿಸರ್ಜನೆಯ ಅಂಗಗಳೇ ಎಂದು ಗ್ರಹಿಸತಕ್ಕದ್ದು. ಯಾವುದನ್ನು ಉಳಿಸಬೇಕೆಂಬ ನಿರ್ಣಯವು ಯಂತ್ರದ್ದಲ್ಲ, ವಾಕ್ಯವನ್ನು ಬರೆದವನದು.